ಮುಬಶಿರಾ ಕಂಡದ್ದು

ಆ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇದ್ದದ್ದು ಒಂದೇ ಒಂದು, ಅದೂ ಮಧ್ಯಾಹ್ನದವರೆಗೆ ಮಾತ್ರ. ಅದರ ಬುಡದಲ್ಲಿ ಒಂದು ಪುಟ್ಟ ಕನ್ನಡಿ ಇತ್ತು. ಕಿಟಕಿಯ ಬೆಳಕನ್ನು ಆ ಕನ್ನಡಿಯಲ್ಲಿ ಹಿಡಿದು ಮೇಲಕ್ಕೆ ಕಳಿಸಿದರೆ ಗಾಜಿನ ಪಟ್ಟಿಯ ಮೇಲಿದ್ದದ್ದು ಕಾಣಬೇಕು. ಬಿಸಿಲು ಕಿಟಕಿ ದಾಟಿತೆಂದರೆ ಅವತ್ತಿನ ಜೀವಶಾಸ್ತ್ರವೂ ಮುಗಿಯಿತು. ಮಳೆಗಾಲದಲ್ಲಿ ಮೋಡ ಕವಿದು ಕೂತ ವಾರಗಳಲ್ಲಿ ಹುಡುಗರು ಕಿಟಕಿಯ ಕಡೆ ನೋಡಿ, "ಇವತ್ತ ಜೀವಶಾಸ್ತ್ರ ಹುಟ್ಟಿಲ್ರಿ ಸರ್ರ" ಎಂದು ನಗುತ್ತಿದ್ದರು.

ಕಲಘಟಗಿ ತಾಲೂಕಿನ ಒಂದು ದೊಡ್ಡ ಹಳ್ಳಿಯ ಅಂಚಿನಲ್ಲಿದ್ದ ಸರ್ಕಾರಿ ಪಿಯು ಕಾಲೇಜು ಅದು. ಜೀವಶಾಸ್ತ್ರಕ್ಕೆ ಇದ್ದವರು ಅತಿಥಿ ಉಪನ್ಯಾಸಕ ಪುಂಡಲೀಕ ಸರ್. ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಇನ್ನೊಂದು ಕಾಲೇಜಿನಲ್ಲಿ ಪಾಠ, ಉಳಿದದ್ದೆಲ್ಲ ಬಸ್ಸಿನಲ್ಲಿ. ಹದಿನಾಲ್ಕು ಮಂದಿ ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡುವಷ್ಟರಲ್ಲಿ ಬೆಳಕು ಕೈಕೊಡುತ್ತದೆ ಎಂಬುದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ಹಾಗಾಗಿ ಅವರೊಂದು ಪದ್ಧತಿ ಮಾಡಿದ್ದರು.

"ಒಬ್ರು ನೋಡಿ ಹೇಳ್ರಿ. ಉಳದವ್ರು ಕೇಳಿ ಚಿತ್ರ ತಗೀರಿ," ಎಂದಿದ್ದರು.

ನೋಡಿ ಹೇಳುವ ಕೆಲಸ ಮುಬಶಿರಾಳ ಪಾಲಿಗೆ ಬಂತು. ಅವಳು ಆ ಊರಿನವಳೇ, ಮಗ್ಗದ ಮನೆಯ ಅಬ್ದುಲಗನಿಯ ಮಗಳು. ಅವಳ ಬಾಯಿ ಚುರುಕು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಇಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳತೊಡಗಿದರೆ ಹುಡುಗರು ಪೆನ್ಸಿಲ್ ಬಿಟ್ಟು ಬಾಯಿ ತೆರೆದು ಕೂರುತ್ತಿದ್ದರು. ಉಳ್ಳಾಗಡ್ಡಿ ಬೇರಿನ ತುದಿಯಲ್ಲಿ ಜೀವಕೋಶ ಒಡೆದು ಎರಡಾಗುವ ಪಾಠದ ದಿನ ಅವಳು ಹೇಳಿದ್ದು ದುರ್ಗಾಳಿಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು.

"ಸಾಲಾಗಿ ಮನಿ ಅದಾವು. ನಟ್ಟನಡುವಿನ ಮನಿಯಾಗ ಮಗ್ಗಕ್ಕ ಹಾಸು ನೂಲು ಬಿಗದಾರ. ನೂಲು ಎರಡೂ ತುದಿಗೆ ಗಂಟ ಹಾಕ್ಯಾರ, ನಡುವ ಹೊಟ್ಟಿ ಉಬ್ಬೈತಿ. ಆ ನೂಲಿನ ನಡುವ ಗಿಡ್ಡ ಗಿಡ್ಡ ಕಡ್ಡಿ ಒಂದ ಸಾಲಿನಾಗ ನಿಂತಾವು. ಎಳದ್ರ ಅತ್ತ ಅರ್ಧ, ಇತ್ತ ಅರ್ಧ ಹೋಗೂಹಂಗ."

ದುರ್ಗಾ ಬಮ್ಮಿಗಟ್ಟಿಯಿಂದ ಬರುತ್ತಿದ್ದ ಹುಡುಗಿ. ಓದಿನಲ್ಲಿ ಅಷ್ಟಕ್ಕಷ್ಟೇ. ಭೌತಶಾಸ್ತ್ರವೆಂದರೆ ಪುಸ್ತಕವನ್ನೇ ಮುಚ್ಚಿಡುತ್ತಿದ್ದಳು. ಆದರೆ ಚಿತ್ರ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮುಬಶಿರಾ ಹೇಳುತ್ತಾ ಹೋದಂತೆ ಅವಳ ಪೆನ್ಸಿಲ್ಲಿನ ತುದಿಯಲ್ಲಿ ಮನೆ ಏಳುತ್ತಿತ್ತು, ಹಾಸು ಬಿಗಿಯುತ್ತಿತ್ತು, ಕಡ್ಡಿ ಸಾಲಾಗಿ ನಿಲ್ಲುತ್ತಿತ್ತು. ಮುಬಶಿರಾ ನೋಡುವವಳಾದ್ದರಿಂದ ಅವಳಿಗೆ ಚಿತ್ರ ತೆಗೆಯಲು ಪುರಸೊತ್ತೇ ಇಲ್ಲ. ಅವಳ ರೆಕಾರ್ಡ್ ಪುಸ್ತಕದ ಚಿತ್ರಗಳನ್ನೂ ದುರ್ಗಾಳೇ ತೆಗೆದುಕೊಡುತ್ತಿದ್ದಳು. ಊಟದ ಹೊತ್ತಿನಲ್ಲಿ ಇಬ್ಬರೂ ಕಿಟಕಿಯ ಕಟ್ಟೆಯ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಒಬ್ಬಳಿಗೆ ಕಣ್ಣು, ಇನ್ನೊಬ್ಬಳಿಗೆ ಕೈ, ಇಬ್ಬರೂ ಸೇರಿದರೆ ಒಬ್ಬ ಒಳ್ಳೆಯ ವಿದ್ಯಾರ್ಥಿನಿ ಎಂದು ಸರ್ ತಮಾಷೆ ಮಾಡುತ್ತಿದ್ದರು.

ದುರ್ಗಾಳ ಚಿತ್ರಗಳನ್ನು ಸರ್ ಗೋಡೆಗೆ ಅಂಟಿಸಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಅವನ್ನು ಕೈಕಟ್ಟಿ ನೋಡಿದರು, ಪ್ರಾಯೋಗಿಕ ಪರೀಕ್ಷೆಯ ಅಂಕಗಳನ್ನೂ ನೋಡಿದರು. ಆಮೇಲೆ ಪ್ರಾಚಾರ್ಯರಿಗೆ, "ಒಂದ ಯಂತ್ರದಾಗ ಇಷ್ಟ ಛಲೋ ಕಲ್ಯಾಕತ್ತಾರಲ್ರಿ. ಮತ್ತ್ಯಾಕ ಇಲ್ಲ ಇಲ್ಲ ಅಂತ ವರ್ಷಾ ಅರ್ಜಿ ಹಾಕತೀರಿ?" ಎಂದು ಕೇಳಿ ಚಹಾ ಕುಡಿದು ಹೋದರು. ಪ್ರಾಚಾರ್ಯರಿಗೆ ಹೆಮ್ಮೆಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಅಬ್ದುಲಗನಿ ಮಗಳನ್ನು ಹುಬ್ಬಳ್ಳಿಯ ಒಂದು ದೊಡ್ಡ ಖಾಸಗಿ ಕಾಲೇಜಿಗೆ ಹಾಕಿದ. ಅಲ್ಲಿ ಜೀವಶಾಸ್ತ್ರಕ್ಕೇ ಒಂದು ಮಹಡಿ ಇದೆಯಂತೆ, ಸೂಕ್ಷ್ಮದರ್ಶಕಗಳು ಸಾಲಾಗಿ ಕೂತಿರುತ್ತವಂತೆ. ಮುಬಶಿರಾ ಅಲ್ಲಿಯ ಸೋದರತ್ತೆಯ ಮನೆಯಲ್ಲಿದ್ದು ಓದುವುದು ಎಂದಾಯಿತು. ಬೀಳ್ಕೊಡುವ ದಿನ ಅವಳು ಬಹಳ ಮಾತಾಡಿದಳು. ದುರ್ಗಾಳಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಜೂನಿನಲ್ಲಿ ಕಾಲೇಜು ಶುರುವಾದಾಗ ತರಗತಿಯಲ್ಲಿ ಉಳಿದವರು ಆರೇ ಮಂದಿ. ಕೆಲವರು ಹುಬ್ಬಳ್ಳಿ ಧಾರವಾಡಕ್ಕೆ ಹೋಗಿದ್ದರು, ಕೆಲವರು ಓದೇ ಬಿಟ್ಟಿದ್ದರು. ಮೋಡ ಕವಿದ ಆ ತಿಂಗಳುಗಳಲ್ಲಿ ಹಳೆಯ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಅಷ್ಟರಲ್ಲಿ ಯಾವ ಅರ್ಜಿಗೆ ಯಾವ ದೇವರು ಕಣ್ಣು ಬಿಟ್ಟನೋ, ದಸರೆಗೆ ಮೊದಲು ಒಂದು ಲಾರಿ ಬಂದು ನಿಂತಿತು. ಹತ್ತು ಹೊಸ ಸೂಕ್ಷ್ಮದರ್ಶಕ, ಹೊಸ ಗಾಜಿನ ಪಟ್ಟಿಗಳ ಪೆಟ್ಟಿಗೆಯೊಂದು ಇಳಿದವು. ಕನ್ನಡಿ ಗಿನ್ನಡಿ ಏನಿಲ್ಲ, ಬಟನ್ ಒತ್ತಿದರೆ ಒಳಗೇ ದೀಪ. ಕೋಣೆಗೆ ಸುಣ್ಣ ಬಳಿದರು, ಉದ್ದ ಮೇಜು ಹಾಕಿದರು. ಆರು ಮಂದಿಗೆ ಹತ್ತು ಯಂತ್ರ. ಒಬ್ಬೊಬ್ಬರೂ ಒಂದೊಂದರ ಮುಂದೆ, ನಡುವೆ ಖಾಲಿ ಸ್ಟೂಲು ಬಿಟ್ಟು ಕೂತರು. ಹೇಳುವವರು ಬೇಕಾಗಿಯೇ ಇರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ದುರ್ಗಾ ಮೊದಲ ಸಲ ಕೊಳವೆಗೆ ಕಣ್ಣಿಟ್ಟಳು. ಕಂಡದ್ದು ಒಂದು ಬೆಳ್ಳನೆಯ ವೃತ್ತ. ತಿರುಪು ತಿರುಗಿಸಿದಳು, ವೃತ್ತ ಮಂಜಾಯಿತು. ಇನ್ನಷ್ಟು ತಿರುಗಿಸಿದಳು, ಗುಲಾಬಿ ಬಣ್ಣದ ಕಲೆ ಒಂದು ಈಜಿ ಹೋಯಿತು. ಮನೆ ಇಲ್ಲ, ಸಾಲಿಲ್ಲ, ಹಾಸಿಲ್ಲ. ಒಂದು ವರ್ಷ ಪೂರ್ತಿ ಜೀವಕೋಶ ಬರೆದವಳು ತಾನು, ಆದರೆ ಇವತ್ತಿನವರೆಗೆ ಒಂದನ್ನೂ ಕಂಡಿಲ್ಲ ಎಂಬುದು ಆಗ ಅವಳ ತಲೆಗೆ ಹೊಳೆಯಿತು. ಪಕ್ಕದ ಸ್ಟೂಲಿನ ಕಡೆ ತಿರುಗಿದಳು. ಅದು ಖಾಲಿ ಇತ್ತು.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಗೋಡೆಯ ಮೇಲೆ ಅವಳ ಚಿತ್ರಗಳೇ ಇದ್ದವು. ಹಳೆಯ ನೆನಪಿನಿಂದ ಒಂದು ಚಿತ್ರ ಬರೆದು ಕೊಟ್ಟಳು, ಆದರೆ ಅವತ್ತು ಇಟ್ಟಿದ್ದದ್ದು ಬೇರೆಯೇ ಪಟ್ಟಿ. ಸರ್ ಅದಕ್ಕೆ ಸೊನ್ನೆ ಹಾಕಿದರು. ಉಳಿದವರ ಪಾಡೂ ಹೆಚ್ಚು ಕಡಿಮೆ ಅದೇ. ಆ ತಿಂಗಳ ಕಿರುಪರೀಕ್ಷೆಯಲ್ಲಿ ಜೀವಶಾಸ್ತ್ರ ನೆಲ ಕಚ್ಚಿತು. ಪ್ರಾಚಾರ್ಯರು ಅಂಕಪಟ್ಟಿ ಹಿಡಿದು, "ಏನ್ರಿ ಪುಂಡಲೀಕ, ಯಂತ್ರ ಬಂದ್ಮ್ಯಾಲ ಮಾರ್ಕ್ಸ್ ಇಳದಾವಲ್ಲ. ಆ ಸಾಹೇಬ್ರಿಗೆ ಈಗ ಏನಂತ ಹೇಳೂದು?" ಎಂದು ಕೇಳಿದರು.

ಮನೆಯಲ್ಲಿ ಅವ್ವ ಮರೆವ್ವನ ಮಾತು ಸ್ಪಷ್ಟವಿತ್ತು. ಅವಳು ಕೂಲಿಗೆ ಹೋಗಿ ಮಗಳನ್ನು ಓದಿಸುತ್ತಿದ್ದಳು, ಮಾತು ಸುತ್ತಿ ಬಳಸಿ ಆಡುವ ಪೈಕಿ ಅಲ್ಲ. "ಒಂದ ಸಲಕ್ಕ ಪಾಸಾದ್ಯೋ, ಧಾರವಾಡಕ್ಕ ಬಿಯೆಸ್ಸಿ ಓದಾಕ ಕಳಸ್ತೀನಿ. ಒಂದ ವಿಷಯ ಹೋದ್ರೂ ನನ್ನ ಬೆನ್ನ ಹಿಂದ ಹೊಲಕ್ಕ ನಡಿ. ಎರಡನೇ ಸಲ ಫೀ ಕಟ್ಟೂ ಕಸುವು ನನ್ನ ಕಡೆ ಇಲ್ಲ," ಎಂದಿದ್ದಳು. ಜೀವಶಾಸ್ತ್ರದ ಪ್ರಾಯೋಗಿಕ ಅಂಕಗಳನ್ನೇ ದುರ್ಗಾ ನಂಬಿಕೊಂಡಿದ್ದಳು. ಥಿಯರಿಯಲ್ಲಿ ಎಡವಿದರೂ ಚಿತ್ರ ಕೈಹಿಡಿಯುತ್ತದೆ ಎಂಬ ಧೈರ್ಯ ಅವಳದು. ಈಗ ಆ ಧೈರ್ಯಕ್ಕೇ ಬುಡವಿಲ್ಲದಾಯಿತು.

ಒಂದು ದಿನ ಸರ್ ಹಳೆಯ ಕಪಾಟು ಖಾಲಿ ಮಾಡಿಸುತ್ತಿದ್ದರು. ಹಳೆಯ ಗಾಜಿನ ಪಟ್ಟಿಗಳ ಪೆಟ್ಟಿಗೆ ಸಿಕ್ಕಿತು. "ಇವನ್ನೆಲ್ಲ ಒಗದ ಬರ್ರಿ," ಎಂದರು.

ದುರ್ಗಾ ಪೆಟ್ಟಿಗೆ ಎತ್ತಿಕೊಂಡಳು. ಎಸೆಯಲು ಮನಸ್ಸು ಬರಲಿಲ್ಲ. ಇದೇ ಪಟ್ಟಿಗಳನ್ನು ನೋಡಿ ಅಲ್ಲವೇ ಮುಬಶಿರಾ ಅಷ್ಟೆಲ್ಲ ಹೇಳಿದ್ದು? ಅವಳ ಮಗ್ಗವನ್ನು ಒಮ್ಮೆ ಕಣ್ಣಾರೆ ನೋಡಿಬಿಡೋಣ ಎಂದು 'ಉಳ್ಳಾಗಡ್ಡಿ ಬೇರು' ಎಂದು ಬರೆದಿದ್ದ ಪಟ್ಟಿಯನ್ನು ಹೊಸ ಯಂತ್ರದ ಕೆಳಗಿಟ್ಟು ದೀಪ ಹಾಕಿದಳು.

ಏನೂ ಇರಲಿಲ್ಲ. ಮಂಜಲ್ಲ, ಕಲೆಯಲ್ಲ, ನಿಜವಾಗಿ ಏನೂ ಇರಲಿಲ್ಲ. ಒಣಗಿ ಬಿರಿದ ಅಂಟು, ಒಂದೆರಡು ಗಾಳಿಗುಳ್ಳೆ, ಅಂಚಿಗೆ ಬೂಷ್ಟು. ಇನ್ನೊಂದು ಪಟ್ಟಿ ಇಟ್ಟಳು, ಮತ್ತೊಂದು ಇಟ್ಟಳು. ಎಲ್ಲವೂ ಅಷ್ಟೇ.

"ಇವು ಯಾವಾಗ ಕೆಟ್ಟ್ವು ಸರ್ರ?" ಎಂದು ಕೇಳಿದಳು. ದನಿ ತನ್ನದಲ್ಲವೆಂಬಂತೆ ಬಂತು.

"ನಾ ಬರೂಕಿಂತ ಮೊದಲ ಕೆಟ್ಟಿರಬೇಕು," ಎಂದರು ಸರ್. ಒಂದು ಕ್ಷಣ ಅವಳ ಮುಖ ನೋಡಿ, ಕಪಾಟಿನ ಕಡೆ ತಿರುಗಿಕೊಂಡು, "ಒಂದೆರಡು ನಾನೂ ನೋಡಿದ್ದೆ ಆಗ. ಏನೂ ಕಂಡಿರಲಿಲ್ಲ. ನನ್ನ ಕಣ್ಣ ಸರಿ ಇಲ್ಲೇನೋ ಅಂದ್ಕೊಂಡೆ. ಅಕಿ ಹೇಳತಿದ್ದಳಲ್ಲ, ನಡೀತು," ಎಂದರು. ಆಮೇಲೆ ಬಹಳ ಹೊತ್ತು ಖಾಲಿ ಕಪಾಟನ್ನೇ ಒರೆಸುತ್ತ ನಿಂತರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ದುರ್ಗಾಳಿಂದ ಆಗಲಿಲ್ಲ.

ಅಂದು ಸಂಜೆ ಅವ್ವನ ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಮುಬಶಿರಾ ಎತ್ತಿದವಳೇ ಹುಬ್ಬಳ್ಳಿಯ ಸುದ್ದಿ ಶುರು ಹಚ್ಚಿದಳು. ಕಾಲೇಜಿನ ಲಿಫ್ಟು, ಅತ್ತೆಯ ಕಾಟ, ಬಸ್ಸಿನ ಗದ್ದಲ. ದುರ್ಗಾ ಅವಳನ್ನು ನಡುವೆಯೇ ತಡೆದಳು.

"ಮುಬಿ, ಹಳೇ ಸ್ಲೈಡ್ ನೋಡಿದೆ. ಅದರಾಗ ಏನೂ ಇಲ್ಲ."

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

"ಹೌದಬೇ. ಇರಲಿಲ್ಲ," ಎಂದಳು ಮುಬಶಿರಾ.

"ಒಂದ ದಿನಾನೂ?"

"ಒಂದ ದಿನಾನೂ ಏನೂ ಕಾಣಲಿಲ್ಲ. ಬಿಳೀ ಬೆಳಕು ಅಷ್ಟ. ಮೊದಲನೇ ದಿನ ಏನೂ ಕಾಣವಲ್ದು ಅನ್ನಬೇಕಂತ ಬಾಯಿ ತಗದೆ. ತಿರುಗಿ ನೋಡಿದ್ರ ನೀವೆಲ್ಲ ಪೆನ್ಸಿಲ್ ಹಿಡಕೊಂಡು ಕುಂತಿದ್ರಿ. ನೀ ಅಂತೂ ಹಾಳಿ ಮ್ಯಾಲ ಕೈ ಇಟ್ಟು ನನ್ನ ಬಾಯಿ ನೋಡಾಕತ್ತಿದ್ದಿ. ಹಿಂದಿನ ದಿನ ಪುಸ್ತಕದಾಗ ಓದಿದ್ದು ಒಂದೀಟು, ಮನಿಯಾಗ ನೋಡಿದ್ದು ಒಂದೀಟು ಸೇರಿಸಿ ಹೇಳಿದೆ. ನೀ ತಗದಿ. ಅಗದಿ ಛಂದ ತಗದಿ. ಮರದಿನ ಹೆಂಗ ಬಿಡೂದು?"

ದುರ್ಗಾಳಿಗೆ ಬೈಯಬೇಕೆನಿಸಿತು. ಬೈಗುಳ ನಾಲಗೆಯ ತನಕ ಬಂದು ಅಲ್ಲಿಯೇ ಕರಗಿತು. ಒಂದು ವರ್ಷ ಪೂರ್ತಿ ಆ ಹುಡುಗಿ ಎಲ್ಲರ ನಡುವೆ ನಿಂತು ಖಾಲಿ ಬೆಳಕಿಗೆ ಕಣ್ಣು ಒತ್ತಿಕೊಂಡಿದ್ದಳು. ಪಕ್ಕದಲ್ಲಿ ಕೂತು ರೊಟ್ಟಿ ಹಂಚಿಕೊಂಡವಳಿಗೂ ಅದನ್ನು ಹೇಳಿರಲಿಲ್ಲ. ಅವಳ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತಿದ್ದದ್ದು ದುರ್ಗಾಳಿಗೆ ಈಗ ನೆನಪಾಯಿತು.

"ಅಲ್ಲಿ ಈಗ ನೋಡತಿರಬೇಕಲ್ಲ, ಸಾಲಾಗಿ ಯಂತ್ರ ಅದಾವಂತ," ಎಂದಳು.

ಮುಬಶಿರಾ ನಕ್ಕಳು. ಅದು ನಗೆಯಂತೆ ಕೇಳಲಿಲ್ಲ. "ಸಾಲಾಗಿ ಅದಾವು, ಗಾಜಿನ ಕಪಾಟಿನಾಗ. ಇಲ್ಲಿ ಎಲ್ಲಾ ಟೀವ್ಯಾಗ ತೋರಸ್ತಾರ. ಎಂಟ್ರನ್ಸ್ ಪರೀಕ್ಷಾಕ್ಕ ಬೇಕಾಗೂದಿಲ್ಲಂತ ಲ್ಯಾಬಿನ ಕೀಲಿನ ತಗಿಯೂದಿಲ್ಲ. ಪ್ರಾಕ್ಟಿಕಲ್‌ಗೆ ಚಿತ್ರ ಬಾಯಿಪಾಠ ಮಾಡಸ್ತಾರ. ದುರ್ಗಿ, ಖರೇ ಕಂಡ ದಿನ ನನಗ ಹೇಳ್ತಿಯೇನ? ಹೆಂಗಿರತೈತಿ ಅಂತ?"

"ಹೇಳತೀನಿ," ಎಂದಳು ದುರ್ಗಾ.

ಆಮೇಲಿನ ದಿನಗಳಲ್ಲಿ ಅವಳು ಕಾಲೇಜಿಗೆ ಹೋಗುತ್ತಿದ್ದದ್ದು ಉಳ್ಳಾಗಡ್ಡಿಗೋಸ್ಕರ ಎಂದರೂ ನಡೆಯುತ್ತದೆ. ನೀರಿನ ಲೋಟದ ಬಾಯಿಗೆ ಗಡ್ಡೆ ಕೂರಿಸಿ, ಬಿಳಿ ಬೇರು ಇಳಿದ ಮೇಲೆ ತುದಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಬಿಸಿ ಮಾಡಿ, ಮೇಲೆ ತೆಳು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತುವುದು. ಒತ್ತು ಹೆಚ್ಚಾದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಎಲ್ಲ ಒಂದರ ಮೇಲೊಂದು ಬಿದ್ದುಕೊಂಡಿರುತ್ತದೆ. ಸರ್ ಮೊದಲ ದಿನ ಪಕ್ಕದಲ್ಲಿ ನಿಂತು ಮಾಡಿ ತೋರಿಸಿದರು. ಆಮೇಲೆ ಬಸ್ಸಿನ ಹೊತ್ತಾದರೆ ಕೀಲಿಯನ್ನು ಅವಳ ಕೈಗೇ ಕೊಟ್ಟು ಹೋಗತೊಡಗಿದರು. ಉಳಿದವರು ಊಟಕ್ಕೆ ಹೋದಾಗ ಅವಳು ಒಬ್ಬಳೇ ಕೊಳವೆಗೆ ಕಣ್ಣಿಟ್ಟು ಕೂರುತ್ತಿದ್ದಳು. ಆ ಸುಣ್ಣ ಬಳಿದ ಕೋಣೆಯಲ್ಲಿ ಅವಳಿಗಾದಷ್ಟು ಒಂಟಿತನ ಹೊಲದ ನಡುವೆ ಒಬ್ಬಳೇ ನಿಂತಾಗಲೂ ಆಗಿರಲಿಲ್ಲ. ಹೊಲದಲ್ಲಿ ಕನಿಷ್ಠ ಕೂಗಿದರೆ ಓಗೊಡುವವರಿರುತ್ತಾರೆ. ಇಲ್ಲಿ ಕಣ್ಣಿಟ್ಟ ಕೊಳವೆಯೊಳಗೆ ಒಬ್ಬರಿಗಿಂತ ಹೆಚ್ಚು ಜನಕ್ಕೆ ಜಾಗವಿರಲಿಲ್ಲ.

ಗುಲಾಬಿ ಕಲೆಗಳು ನಿಧಾನಕ್ಕೆ ಬಿಡಿಬಿಡಿಯಾಗಿ ಕಾಣತೊಡಗಿದವು. ಅಂಚು ಕಂಡಿತು, ಒಳಗಿನ ಬೊಟ್ಟು ಕಂಡಿತು. ಒಡೆಯುತ್ತಿರುವ ಜೀವಕೋಶ ಮಾತ್ರ ಒಂದೂ ಸಿಗಲಿಲ್ಲ. ಸಿಕ್ಕಿತು ಎಂದುಕೊಂಡದ್ದೆಲ್ಲ ನೋಡನೋಡುತ್ತ ಬರೀ ಬಣ್ಣವಾಗುತ್ತಿತ್ತು.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಸುನಿತಾ ಮೇಡಂ ಎಂಬ ಪರೀಕ್ಷಕರು. ಕನ್ನಡಕದ ಮೇಲಿನಿಂದ ನೋಡುವವರು, ಮಾತು ಕಮ್ಮಿ. ದುರ್ಗಾಳಿಗೆ ಉಳ್ಳಾಗಡ್ಡಿ ಬೇರೇ ಬಂತು. ಪುಂಡಲೀಕ ಸರ್ ಹಾದುಹೋಗುವಾಗ ತಗ್ಗಿದ ದನಿಯಲ್ಲಿ, "ಗ್ವಾಡಿ ಮ್ಯಾಲಿನ ಚಿತ್ರ ನೆನಪೈತಲ್ಲ? ಅದನ್ನ ತಗದ ಬಿಡು. ಪೂರಾ ಮಾರ್ಕ್ಸ್ ಬೀಳತಾವು," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಅವಳು ಬೇರು ಕತ್ತರಿಸಿದಳು, ಬಣ್ಣಕ್ಕೆ ಹಾಕಿದಳು, ಗಾಜು ಮುಚ್ಚಿ ಒತ್ತಿದಳು, ದೀಪ ಹಾಕಿ ಕಣ್ಣಿಟ್ಟಳು. ಗುಲಾಬಿ ಗುಂಪು. ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದಳು, ಮತ್ತೆ ಸರಿಸಿದಳು. ಗುಂಪಿನ ಅಂಚಿನಲ್ಲಿ ಒಂದು ಜೀವಕೋಶ ಬೇರೆ ಥರ ಇತ್ತು. ಓರೆಯಾಗಿ ಬಿದ್ದಿತ್ತು, ಒಂದು ಮೂಲೆ ಅವಳ ಹೆಬ್ಬೆರಳಿಗೆ ಸಿಕ್ಕು ಜಜ್ಜಿತ್ತು. ಅದರ ನಡುವೆ ಕಡುಗೆಂಪು ಚೂರುಗಳು ಒಂದಕ್ಕೊಂದು ಆತು ಮುದ್ದೆಯಾಗಿದ್ದವು. ಸಾಲಾಗಿ ನಿಂತಿರಲಿಲ್ಲ, ಒಂದೆರಡು ಹೊರಗೆ ಜಾರಿದ್ದವು. ನೂಲು ಎಂಬುದು ಒಂದೂ ಕಾಣಲಿಲ್ಲ. ಹಾಸೂ ಇಲ್ಲ, ಮಗ್ಗವೂ ಇಲ್ಲ.

ಆದರೆ ಅದು ಇತ್ತು. ಬೆಳಗ್ಗೆ ನೀರಿನಲ್ಲಿ ಬೆಳೆಯುತ್ತಿದ್ದ ಬೇರು, ಎರಡಾಗಲು ಹೊರಟಾಗಲೇ ಅವಳ ಬ್ಲೇಡಿಗೆ ಸಿಕ್ಕ ಒಂದು ಜೀವಕೋಶ. ಅದನ್ನು ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಕಂಡವಳು ಅವಳೊಬ್ಬಳೇ. ಪಕ್ಕಕ್ಕೆ ತಿರುಗಿ ಹೇಳಬೇಕು ಎಂದು ಬಾಯಿ ತೆರೆದಳು. ಪರೀಕ್ಷೆ ಎಂಬುದು ನೆನಪಾಗಿ ಮುಚ್ಚಿಕೊಂಡಳು.

ಗೋಡೆಯ ಚಿತ್ರ ಬರೆದರೆ ಪೂರ್ತಿ ಅಂಕ, ಧಾರವಾಡ, ಬಿಯೆಸ್ಸಿ. ಕೈಗೆ ಅದು ಕಣ್ಣು ಮುಚ್ಚಿದರೂ ಬರುತ್ತಿತ್ತು. ಪೆನ್ಸಿಲ್ ಹಾಳೆಗೆ ಇಟ್ಟು ಸ್ವಲ್ಪ ಹೊತ್ತು ಕೂತಳು. ಅವ್ವನ ಮುಖ ನೆನಪಾಯಿತು, ಹೆದರಿಕೆಯಾಯಿತು. ಆದರೂ ಓರೆ ಜೀವಕೋಶವನ್ನೇ ಬರೆದಳು, ಜಜ್ಜಿದ ಮೂಲೆ ಸಮೇತ. ಒಂದು ವರ್ಷ ಕಾಣದ್ದನ್ನು ಬರೆದಾಗಿತ್ತು, ಕಂಡ ದಿನವೂ ಬರೆಯದಿದ್ದರೆ ಈ ಕಣ್ಣು ಯಾಕೆ ಎನಿಸಿತ್ತು ಅವಳಿಗೆ.

ಸುನಿತಾ ಮೇಡಂ ಬಂದು ಹಾಳೆ ನೋಡಿದರು. "ಪುಸ್ತಕದಾಗ ಹಿಂಗಿಲ್ಲಲ್ಲ?"

"ಇಲ್ರಿ ಮೇಡಂ. ಇದರಾಗ ಹಿಂಗೈತ್ರಿ."

ಮೇಡಂ ಕನ್ನಡಕ ತೆಗೆದು ಬಾಗಿದರು. ಬಹಳ ಹೊತ್ತು ಏಳಲಿಲ್ಲ. ಎದ್ದವರು ಹಾಳೆಯನ್ನು ಇನ್ನೊಮ್ಮೆ ನೋಡಿ ಮುಂದಿನ ಮೇಜಿಗೆ ಹೋದರು. ಸಂಜೆ ದುರ್ಗಾ ಬಸ್ಸಿಗೆ ನಿಂತಾಗ ಪುಂಡಲೀಕ ಸರ್ ಹುಡುಕಿಕೊಂಡು ಬಂದರು.

"ಮೇಡಂ ನಿನಗ ಪೂರಾ ಮಾರ್ಕ್ಸ್ ಹಾಕ್ಯಾರ. ಇವತ್ತ ಯಂತ್ರದಾಗ ನೋಡಿದಾಕಿ ಇಕಿ ಒಬ್ಬಾಕಿನ ಅಂದ್ರು," ಎಂದರು. ಆಮೇಲೆ, "ನನಗೂ ಒಂದೀಟು ತೋರಸ್ಬೇಕಿತ್ತವ್ವಾ ನೀ," ಎಂದು ತಿರುಗಿ ನೋಡದೆ ನಡೆದರು.

ಮನೆಗೆ ಬಂದಾಗ ಮರೆವ್ವ ಸುದ್ದಿ ಕೇಳಿ ಒಲೆಯ ಮುಂದೆಯೇ ಕಣ್ಣೊರೆಸಿಕೊಂಡಳು. ಇನ್ನೂ ಉಳಿದ ಪರೀಕ್ಷೆಗಳಿವೆ ಎಂದು ಮಗಳು ಹೇಳಿದರೂ ಕೇಳದೆ ಬೆಲ್ಲ ಕುಟ್ಟಲು ಕೂತಳು. ದುರ್ಗಾ ಫೋನು ಹಿಡಿದು ಹಿತ್ತಿಲ ಕಟ್ಟೆಗೆ ಹೋದಳು. ಹೊತ್ತು ಮುಳುಗುತ್ತಿತ್ತು.

"ಮುಬಿ, ಕಂಡಿತು," ಎಂದಳು.

"ನಂದು ಪ್ರಾಕ್ಟಿಕಲ್ ನಿನ್ನಿನ ಮುಗೀತು," ಎಂದಳು ಮುಬಶಿರಾ. ಅವಳ ದನಿಯಲ್ಲಿ ಮೊದಲಿನ ಚುರುಕು ಇರಲಿಲ್ಲ. "ಕಪಾಟಿನ ಕೀಲಿ ತಗದ್ರು, ಯಂತ್ರ ಮುಂದಿಟ್ರು, ಮುಟ್ಟಬ್ಯಾಡ್ರಿ ಅಂದ್ರು. ಬಾಯಿಪಾಠ ಮಾಡಿದ್ದು ತಗದ ಬಂದೆ. ನಮ್ಮ ಅಬ್ಬಾ ಕಾಮರ್ಸ್ ಡಿಗ್ರಿಗೆ ಹಾಕತೀನಿ ಅಂದಾರ. ಇನ್ನ ನಾ ನೋಡೂದು ಮುಗೀತು, ಬಿಡು. ನೀ ಹೇಳು. ಹೆಂಗಿತ್ತು?"

ದುರ್ಗಾ ಹೇಳತೊಡಗಿದಳು. ದೀಪದ ಬಣ್ಣ, ಗುಲಾಬಿ ಗುಂಪು, ಪಟ್ಟಿ ಸರಿಸಿದ್ದು. ನಂತರ ಮುಬಶಿರಾ ಮೆಲ್ಲಗೆ ಕೇಳಿದಳು.

"ಅವತ್ತ ನಾ ಹೇಳಿದ್ದೆನಲ್ಲ ದುರ್ಗಿ, ಮಗ್ಗದ್ದು. ಹಂಗ ಇತ್ತೇನ?"

ದುರ್ಗಾಳ ಕಣ್ಣ ಮುಂದೆ ಆ ಓರೆ ಜೀವಕೋಶ ಇನ್ನೂ ಇತ್ತು, ಜಜ್ಜಿದ ಮೂಲೆಯೊಂದಿಗೆ, ಮುದ್ದೆಯಾದ ಚೂರುಗಳೊಂದಿಗೆ. ಮಧ್ಯಾಹ್ನ ಸುನಿತಾ ಮೇಡಂ ಮುಂದೆ ಹೆದರದೆ ನಿಜ ಹೇಳಿದ್ದವಳು ಈಗ ಹೆದರಿದಳು. ಫೋನನ್ನು ಕಿವಿಗೆ ಒತ್ತಿಕೊಂಡು ಇನ್ನೊಂದು ಕೈಯ ಮುಷ್ಟಿಯನ್ನು ಬೆನ್ನ ಹಿಂದೆ ಬಿಗಿದಳು.

"ಹಂಗ ಇತ್ತು," ಎಂದಳು. "ನಟ್ಟನಡುವಿನ ಮನಿಯಾಗ ಹಾಸು ಬಿಗದಿದ್ರು. ಕಡ್ಡಿ ಒಂದ ಸಾಲಿನಾಗ ನಿಂತಿದ್ವು."

"ಖರೇ?"

"ಖರೇ."

ಮುಬಶಿರಾ ನಕ್ಕಳು, ಈ ಸಲ ನಿಜವಾಗಿ ನಕ್ಕಳು. ಅತ್ತೆ ಕರೆಯುತ್ತಿದ್ದಾಳೆ ಎಂದು ಫೋನಿಟ್ಟಳು. ದುರ್ಗಾ ಕಟ್ಟೆಯ ಮೇಲೆಯೇ ಕೂತಳು. ಒಳಗಿನಿಂದ ಅವ್ವ ಊಟಕ್ಕೆ ಕೂಗಿದಳು. ಮುಬಿಗೆ ಮಗ್ಗ ಕಂಡೆ ಎಂದಮೇಲೆ, ತಾನು ನಿಜವಾಗಿ ಕಂಡದ್ದನ್ನು ಇನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಬಂದೆ ಎಂದು ಓಗೊಟ್ಟರೂ ಅವಳು ಕತ್ತಲಾಗುವ ತನಕ ಅಲ್ಲಿಂದ ಏಳಲಿಲ್ಲ.